ಶನಿವಾರದ ಪೇ ಲ್ವಿನ್

ಮೂವತ್ತನಾಲ್ಕು. ಮೂವತ್ತೈದು. ಮೂವತ್ತಾರು.

ಬೆಳ್ಳಿಯ ಬಟ್ಟಲು ತೊಟ್ಟಿಗಿಳಿಯುತ್ತಿತ್ತು, ತುಂಬಿ ಮೇಲೇಳುತ್ತಿತ್ತು, ಬುದ್ಧನ ಹೆಗಲ ಮೇಲೆ ಬಾಗುತ್ತಿತ್ತು. ನೀರು ಮೂರ್ತಿಯ ಎದೆ ದಾಟಿ, ಪೀಠದ ಕೆಳಗೆ ಕುಳಿತ ಕಲ್ಲಿನ ಇಲಿಯ ಬೆನ್ನು ತೋಯಿಸಿ, ಅಮೃತಶಿಲೆಯ ನೆಲದ ಮೇಲೆ ಹರಿದು ನನ್ನ ಬರಿಗಾಲಿನ ಬೆರಳ ಸಂದಿಗೆ ಬರುತ್ತಿತ್ತು. ಕಸೋನ್ ತಿಂಗಳ ಹುಣ್ಣಿಮೆ. ಮಾಂಡಲೆಗೆ ಮಾಂಡಲೆಯೇ ಅಂದು ಬೋಧಿವೃಕ್ಷಕ್ಕೆ ನೀರು ಹೊತ್ತುಕೊಂಡು ನಡೆಯುತ್ತಿತ್ತು. ಸಂಪಿಗೆಯ ವಾಸನೆ, ಊದುಬತ್ತಿಯ ಹೊಗೆ, ಎಲ್ಲೋ ದೂರದಲ್ಲಿ ಗಂಟೆ. ನಿದ್ದೆಯೋ ಎಚ್ಚರವೋ ತಿಳಿಯದ ಹಾಗೆ ರೆಪ್ಪೆ ಭಾರವಾಗುತ್ತಿತ್ತು. ಎಣಿಕೆ ತಪ್ಪಿದರೆ ಕೆಟ್ಟೆ ಎಂದು ತುಟಿ ಕಚ್ಚಿಕೊಂಡು ನಿಂತಿದ್ದೆ.

ವಯಸ್ಸಿಗೊಂದು ಬಟ್ಟಲು, ಮುಂದಿನ ವರ್ಷಕ್ಕೆಂದು ಮೇಲೊಂದು. ನಮ್ಮಲ್ಲಿ ಪಗೋಡದ ಸುತ್ತ ವಾರಕ್ಕೊಂದು ಮೂಲೆ, ಹುಟ್ಟಿದ ವಾರದ ಮೂಲೆಗೆ ಹೋಗಿ ಹೀಗೆ ನೀರು ಹೊಯ್ಯದವರು ಯಾರಿದ್ದಾರೆ? ತಿನ್ ನ್ವೇ ಅಕ್ಕನ ಗಂಡ ಸೌಂಗ್ ಪೇ ಲ್ವಿನ್ನನಿಗೆ ಈ ಕಸೋನ್‌ಗೆ ಅರವತ್ತೊಂದು. ಎಂದರೆ ಅರವತ್ತೆರಡು ಬಟ್ಟಲು. ಅಷ್ಟಕ್ಕೆ ಸರಿಯಾಗಿ ಈ ಬಟ್ಟಲು ಹಿಡಿದವನ ಕೈ ನಿಂತರೆ, ಮೂರು ವಾರದ ಹಿಂದೆ ತಿನ್ ನ್ವೇ ಅಕ್ಕನ ಬಾಗಿಲಿಗೆ ಬಂದು ನಿಂತವನು ಆಕೆಯ ಗಂಡನೇ. ಮೊದಲೇ ನಿಂತರೆ, ಊರಾಚೆಯ ಶವಾಗಾರದಲ್ಲಿ ಮಂಜುಗಡ್ಡೆಯ ನಡುವೆ ಮಲಗಿರುವವನು ಆಕೆಯ ಗಂಡ. ಆ ಹೆಣವನ್ನು ಇವತ್ತು ಸಂಜೆ ನಾಲ್ಕಕ್ಕೆ ಪುರಸಭೆಯವರು ಹೆಸರಿಲ್ಲದೆ ಸುಡುವವರಿದ್ದರು.

ಹೆಸರಿಲ್ಲದೆ ಎಂದೆನಲ್ಲ, ಆ ಪಾಪ ನನ್ನದು. ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯಲ್ಲಿ ನಿಧನವಾರ್ತೆ ಬರೆಯುವವಳು ನಾನು, ಓನ್ ಸಿನ್. ಐದು ದಿನದ ಹಿಂದೆ ಕೋಟೆಯ ಸುತ್ತಲಿನ ಅಗಳಿನಲ್ಲಿ ಹೆಣ ತೇಲಿತು, ಜೇಬಿನ ಚೀಟಿಯಲ್ಲಿ ‘ಪೇ ಲ್ವಿನ್’ ಎಂದಿತ್ತು ಎಂದು ಪೊಲೀಸರು ಹೇಳಿದರು. ‘ಪೇ ಲ್ವಿನ್ ನಿಧನ’ ಎಂದು ಬರೆದು, ಟೀ ಕುಡಿದು, ಮನೆಗೆ ಹೋದೆ. ಯಾವ ಪೇ ಲ್ವಿನ್ ಎಂದು ಬರೆಯಲಿಲ್ಲ. ಮನೆತನದ ಹೆಸರೆಂಬುದೇ ಇಲ್ಲದ ನಮ್ಮಂಥವರ ಊರಿನಲ್ಲಿ ಹೆಸರಿನ ಮುಂದೆ ಕಸುಬೋ ಕೇರಿಯೋ ಹಚ್ಚದೆ ಬಿಡುವುದು, ಬಾಗಿಲಿಗೆ ಚಿಲಕ ಹಾಕದೆ ಬಿಟ್ಟ ಹಾಗೆ.

ಮರುದಿನ ನಡೆದದ್ದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ. ಬೇರಿನ ಮದ್ದು ಅರೆದುಕೊಡುವ ಔಷಧಿ ಪೇ ಲ್ವಿನ್ನನ ಮನೆಗೆ ರೋಗಿಗಳು ಎದೆ ಬಡಿದುಕೊಂಡು ಹೋದರೆ, ಸತ್ತವನು ಜಗಲಿಯಲ್ಲಿ ಕೂತು ಮೊಹಿಂಗಾ ಉಣ್ಣುತ್ತಿದ್ದ. ಕಣದಲ್ಲಿ ಇಪ್ಪತ್ತು ವರ್ಷ ಸೋಲದ ಗುದ್ದು ಪೇ ಲ್ವಿನ್ನನ ಮನೆಗೆ ಹನ್ನೊಂದು ಹೂಚಕ್ರ ಬಂದವು. ಆತ ಹನ್ನೊಂದನ್ನೂ ಹೊತ್ತು ತಂದು ನನ್ನ ಮೇಜಿನ ಮೇಲೆ ಕುಕ್ಕಿ, “ಅಕ್ಕಾ, ನಾನು ಬದುಕಿದೀನಿ ಅಂತ ಬರೀರಿ. ನನ್ನ ತಾಯಿ ಮೂರು ಸಲ ಎಚ್ಚರ ತಪ್ಪಿದ್ರು,” ಎಂದು ಮಗುವಿನ ಹಾಗೆ ಅತ್ತ.

ಆಮೇಲೆ ಉಳಿದವನು ಸೌಂಗ್ ಪೇ ಲ್ವಿನ್. ದೋಣಿಯ ಹಾಗೆ ಬಾಗಿದ ಸೌಂಗ್ ಎಂಬ ತಂತಿವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಅವನು ಕೂತರೆ ಅರಮನೆಯ ಮುದುಕಿಯರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸುತ್ತಿದ್ದರಂತೆ. ಜಪಾನಿಯರ ಕಾಲದಲ್ಲಿ ರೈಲುಹಳಿ ಹಾಕುವ ಕೆಲಸಕ್ಕೆ ಎಳೆದುಕೊಂಡು ಹೋದರು. ಹದಿನೈದು ವರ್ಷ ಸುದ್ದಿಯಿಲ್ಲ. ಹೆಂಡತಿ ಕಾಯುತ್ತ ಕಾಯುತ್ತ ಕಣ್ಣು ಕಳೆದುಕೊಂಡಳು. ಅವನ ಮುಖ ಗುರುತಿಟ್ಟಿದ್ದ ನೆರೆಹೊರೆಯವರು ಯುದ್ಧದಲ್ಲಿ ಚದುರಿಹೋದರು. ಈಗ ಒಂದೇ ತಿಂಗಳಲ್ಲಿ ಒಬ್ಬ ಬಾಗಿಲಿಗೆ ಬಂದ, ಒಬ್ಬ ನೀರಿನಲ್ಲಿ ತೇಲಿದ.

ಐವತ್ತೆಂಟು. ಐವತ್ತೊಂಬತ್ತು.

ಗುದ್ದು ಪೇ ಲ್ವಿನ್ ನನ್ನ ಪಕ್ಕದಲ್ಲೇ ನಿಂತಿದ್ದ. ಹೂಚಕ್ರದ ಗಲಾಟೆಯಾದ ಮೇಲೆ ಆತ ನನ್ನ ಬೆನ್ನು ಬಿಟ್ಟಿರಲಿಲ್ಲ. ನನ್ನ ಹೆಸರು ಹೊತ್ತವನು ಯಾರು ಸತ್ತ ಅಂತ ತಿಳಿಯೋವರೆಗೂ ನನಗೆ ಅನ್ನ ಇಳಿಯಲ್ಲ ಅಂತ ಹಟ.

“ಅಕ್ಕಾ, ಎಷ್ಟಾಯ್ತು?” ಎಂದು ಪಿಸುಗುಟ್ಟಿದ.

“ಬಾಯಿ ಮುಚ್ಕೊಂಡು ನಿಂತ್ಕೊ. ಲೆಕ್ಕ ತಪ್ಪಿಸ್ತೀಯ.”

ಅರವತ್ತು. ಅರವತ್ತೊಂದು. ಬಟ್ಟಲು ಇನ್ನೊಮ್ಮೆ ಇಳಿಯಿತು. ಅರವತ್ತೆರಡು.

ಆತ ಬಟ್ಟಲನ್ನು ತೊಟ್ಟಿಯ ಅಂಚಿನಲ್ಲಿ ಬೋರಲು ಹಾಕಿ, ಮೊಣಕಾಲೂರಿ ಮೂರು ಸಲ ತಲೆ ಬಾಗಿಸಿದ. ನನ್ನ ಎದೆಯಿಂದ ಒಂದು ಕಲ್ಲು ಇಳಿಯಿತು. ಐದು ದಿನದಿಂದ ಈ ಮನುಷ್ಯನನ್ನು ಅನುಮಾನಿಸಿ ನಿದ್ದೆಗೆಟ್ಟಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಹದಿನೈದು ವರ್ಷದ ಮೇಲೆ ಗಂಡ ಬಂದಿದ್ದಾನೆ, ಬಿಡು ಓನ್ ಸಿನ್, ಅವರ ಪಾಡಿಗೆ ಅವರನ್ನು ಬಿಡು.

ಆಗ ತಿನ್ ನ್ವೇ ಅಕ್ಕ ಮಾತಾಡಿದಳು. ಅಷ್ಟು ಹೊತ್ತೂ ಆತನ ಹಿಂದೆ ಚಾಪೆಯ ಮೇಲೆ ಕೂತಿದ್ದಳು. ಕೆನ್ನೆಗೆ ತನಾಖಾ ಗಂಧ, ಮುಡಿಯಲ್ಲಿ ಒಂದು ಸಂಪಿಗೆ. ಪ್ರತಿ ಕಸೋನ್‌ನಲ್ಲೂ ಆಕೆ ಒಂದೇ ಒಂದು ಸಂಪಿಗೆ ಮುಡಿಯುತ್ತಿದ್ದಳು. ಅವರು ಬರೋವರೆಗೂ ಮುಡೀತೀನಿ ಎಂದು ಹೇಳುತ್ತಿದ್ದುದು ನನಗೆ ಗೊತ್ತು.

“ಮುಗೀತಾ?”

“ಮುಗೀತು,” ಎಂದ ಆತ. “ಅರವತ್ತೆರಡು.”

“ಎಣಿಸ್ದೆ. ಕಣ್ಣಿಲ್ಲ, ಕಿವಿ ಇದೆ.” ಆಕೆ ಕೈ ಚಾಚಿದಳು. ಆತ ಎಬ್ಬಿಸಿದ. “ನಾವು ಯಾವ ಮೂಲೇಲಿ ಇದೀವಿ?”

“ನನ್ನ ಮೂಲೇಲಿ. ನೀನೇ ಹೇಳಿದ್ಯಲ್ಲ, ನಿಮ್ಮ ಮೂಲೆಗೆ ಕರ್ಕೊಂಡು ಹೋಗಿ ಅಂತ.”

“ಅದಕ್ಕೇ ತಣ್ಣಗಿದೆ.” ತನ್ನ ಕೆನ್ನೆಯನ್ನು ಒಮ್ಮೆ ಮುಟ್ಟಿಕೊಂಡಳು. “ಈ ಹೊತ್ತಲ್ಲಿ ಪಗೋಡದ ನೆರಳು ಪಡುವಣಕ್ಕೆ ಬೀಳುತ್ತೆ. ಕೆಳಗೆ ಇಲಿ ಇದೆಯಾ?”

“ಇದೆ.”

“ಇಲಿ ಇದೆ ಅಂತೆ, ತಂಗೀ,” ಎಂದಳು ನನ್ನ ಕಡೆ ತಿರುಗಿ. ನಾನು ಅಲ್ಲಿರುವುದು ಆಕೆಗೆ ಹೇಗೆ ಗೊತ್ತಾಯಿತೋ! “ಸರೀನಾ?”

“ಸರಿ ಅಕ್ಕ. ಪೇ ಲ್ವಿನ್ ಅಂದ್ರೆ ಗುರುವಾರದ ಹೆಸರು. ಗುರುವಾರದೋರಿಗೆ ಇಲಿಯಲ್ವಾ?” ಎಂದೆ. ನಮ್ಮೂರಲ್ಲಿ ತೊದಲು ಮಾತಿನ ಕೂಸನ್ನು ಕೇಳಿದರೂ ಹೇಳುತ್ತದೆ. ಹುಟ್ಟಿದ ವಾರದ ಅಕ್ಷರ ಹುಡುಕಿಯೇ ಹೆಸರಿಡುವುದು. ಹೆಸರು ಕೇಳಿದರೆ ವಾರ ತಿಳಿಯಿತು, ವಾರ ತಿಳಿದರೆ ಮೂಲೆ ತಿಳಿಯಿತು.

“ನನ್ನ ಗಂಡ ಶನಿವಾರದೋರು,” ಎಂದಳು ತಿನ್ ನ್ವೇ ಅಕ್ಕ.

ಗಂಟೆಯ ಸದ್ದು ನಿಂತಿತೋ, ನನ್ನ ಕಿವಿಯೇ ನಿಂತಿತೋ, ಈಗಲೂ ಹೇಳಲಾರೆ. ನೀರು ಮಾತ್ರ ಇಲಿಯ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

“ಏಳು ವರ್ಷದ ಮಗು ಆಗಿದ್ದಾಗ ಸಾಯೋ ಹಾಗೆ ಜ್ವರ ಬಂತಂತೆ,” ಆಕೆ ಮೆತ್ತಗೆ ಹೇಳುತ್ತಾ ಹೋದಳು, ಯಾರಿಗೋ ಕಥೆ ಹೇಳುವಂತೆ. “ಮಠದ ಹಿರಿಯ ಭಿಕ್ಷುಗಳು, ಇವನ ವಾರ ಇವನನ್ನ ತಿನ್ನುತ್ತೆ, ಹೆಸರು ಬದಲಾಯ್ಸಿ, ಹುಟ್ಟಿದ ವಾರ ಯಾರಿಗೂ ಹೇಳ್ಬೇಡಿ ಅಂದ್ರು. ಅವತ್ತಿಂದ ಪೇ ಲ್ವಿನ್. ತೀರಿಹೋದ ಅವರ ತಾಯಿ ಬಿಟ್ರೆ ನನಗೊಬ್ಬಳಿಗೇ ಗೊತ್ತು. ಆದ್ರೆ ನೀರು ಮಾತ್ರ ನೈಋತ್ಯಕ್ಕೇ ಹೊಯ್ತಿದ್ರು, ನಾಗನ ಮೂಲೆಗೆ. ನಾನೂ ಶನಿವಾರದವಳು ತಾನೆ? ಹೆಂಡ್ತಿ ಜೊತೆಗೆ ನಿಂತಿದಾನೆ ಅಂತ ಜನ ಸುಮ್ಮನಾಗ್ತಿದ್ರು. ಅವರು ಹೋದ್ಮೇಲೆ ನಾನೇ ಎರಡು ಸಲ ಹೊಯ್ತಿದ್ದೆ. ನನಗೊಂದ್ಸಲ, ಅವರಿಗೊಂದ್ಸಲ.”

ಅಯ್ಯೋ! ಆಕೆ ಅಲ್ಲಿ ಗಂಟೆಗಟ್ಟಲೆ ನೀರು ಹೊಯ್ಯುವುದನ್ನು ವರ್ಷ ವರ್ಷವೂ ನೋಡಿದ್ದೇನೆ. ಒಂಟಿ ಹೆಂಗಸಿನ ಭಕ್ತಿ ಎಂದುಕೊಂಡು ಮುಂದೆ ಹೋಗಿದ್ದೇನೆ.

ಆತ ಓಡಲಿಲ್ಲ. ಗುದ್ದು ಪೇ ಲ್ವಿನ್ ಅಷ್ಟರಲ್ಲಿ ಲುಂಗಿ ಎತ್ತಿಕಟ್ಟಿಕೊಂಡು ಅವನ ಹಿಂದೆ ನಿಂತಿದ್ದ. ಆತನಿಗೆ ಅದು ಕಂಡೇ ಇರಲಿಲ್ಲ. ತೊಟ್ಟಿಯ ಅಂಚಿನ ಬಟ್ಟಲನ್ನೇ ನೋಡುತ್ತಿದ್ದ.

“ಏಳು ವರ್ಷ,” ಎಂದ. “ಏಳು ವರ್ಷ ಒಂದೇ ಗುಡಿಸಲಲ್ಲಿ ಮಲಗಿದ್ವಿ. ನಿಮ್ಮನೆ ಮೆಟ್ಟಿಲು ಎಷ್ಟು, ಯಾವ ಮೆಟ್ಟಿಲು ಕಿರುಗುಟ್ಟುತ್ತೆ, ನೀವು ಬೆಲ್ಲ ಎಲ್ಲಿ ಬಚ್ಚಿಡ್ತೀರ, ಎಲ್ಲ ಹೇಳಿದ. ವಾರ ಮಾತ್ರ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಇಬ್ಬರದ್ದೂ ಒಂದೇ ಅಂತಲೇ ತಿಳ್ಕೊಂಡಿದ್ದೆ.”

“ಇಬ್ಬರದ್ದೂ?” ಎಂದೆ.

“ನನ್ನ ಹೆಸರೂ ಪೇ ಲ್ವಿನ್ನೇ.”

ಗುದ್ದು ಪೇ ಲ್ವಿನ್ ಹಣೆ ಬಡಿದುಕೊಂಡ. “ಇನ್ನೊಬ್ಬ! ಈ ಊರಲ್ಲಿ ಕಲ್ಲೆಸೆದ್ರೆ ನನಗೇ ಬೀಳುತ್ತಲ್ಲಪ್ಪ!”

“ಯಾವ ಪೇ ಲ್ವಿನ್ ನೀವು?” ನಾನು ಬಿಡಲಿಲ್ಲ.

“ಯಾವ್ದೂ ಅಲ್ಲ.” ಆತ ಮೊದಲ ಸಲ ನನ್ನ ಮುಖ ನೋಡಿದ. “ಅದೇ ಕಷ್ಟ, ಅಮ್ಮ. ಇವರು ಗುದ್ದು ಪೇ ಲ್ವಿನ್. ಅಲ್ಲಿ ಮರದ ಕೆಳಗೆ ಷರಬತ್ತು ಹಂಚ್ತಿದಾರಲ್ಲ, ಅವರು ಔಷಧಿ ಪೇ ಲ್ವಿನ್. ಅವನು ಸೌಂಗ್ ಪೇ ಲ್ವಿನ್. ನನ್ನ ಹೆಸರಿನ ಮುಂದೆ ಹಚ್ಚೋಕೆ ಏನಿದೆ? ಮರ ಕೊಯ್ದೆ, ಹಳಿ ಹೊತ್ತೆ, ಜ್ವರ ಬಂದು ಮಲಗಿದೆ. ಕೂಲಿಗಳ ಹಾಜರಿ ಕೂಗುವಾಗ ಅವನನ್ನ ‘ಸೌಂಗ್’ ಅಂತಿದ್ರು, ನನ್ನನ್ನ ‘ಇನ್ನೊಬ್ಬ’ ಅಂತಿದ್ರು.”

ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ನಿಧನವಾರ್ತೆ ಬರೆಯುವವಳಿಗೆ ಗೊತ್ತು, ಹೆಸರಿನ ಹಿಂದೆ ಮುಂದೆ ಏನೂ ಇಲ್ಲದವರಿಗೆ ಎರಡು ಸಾಲು ಹೊಂದಿಸುವುದು ಎಷ್ಟು ಕಷ್ಟವೆಂದು.

“ಹಾಗಾದ್ರೆ ಇವರಿಗೆ ಮೋಸ ಮಾಡ್ಬೇಕು ಅಂತಲೇ ಬಂದ್ರಾ?”

“ಇಲ್ಲ! ಅವನೇ ಕಳಿಸ್ದ. ನೀನು ಮೊದಲು ಹೋಗಿ ನೋಡು, ಅವಳು ಹೇಗಿದಾಳೆ, ಬೇರೆ ಸಂಸಾರ ಮಾಡ್ಕೊಂಡಿದಾಳಾ, ನನ್ನ ನೆನಪಿದೆಯಾ. ಎರಡು ವಾರ ಬಿಟ್ಟು ನಾನು ಬರ್ತೀನಿ ಅಂದ. ಬಂದೆ. ಮೆಟ್ಟಿಲು ಹತ್ತಿದೆ. ಈಕೆ ಬಾಗಿಲಿಗೆ ಬಂದು ನನ್ನ ಮುಖ ಸವರಿ, ‘ಬಂದ್ರಾ?’ ಅಂದ್ರು. ಜೀವಮಾನದಲ್ಲಿ ನನ್ನನ್ನ ಯಾರೂ ಹಾಗೆ ಕೇಳಿರ್ಲಿಲ್ಲ. ಹೂಂ ಅಂದ್ಬಿಟ್ಟೆ.”

“ಹದಿನೈದು ವರ್ಷ ಅವನು ಯಾಕೆ ಬರ್ಲಿಲ್ಲ?”

“ನಾಚಿಕೆಗೆ. ಹಳಿ ಬಿದ್ದು ಎಡಗೈ ಹೆಬ್ಬೆರಳು ಹೋಯ್ತು. ಬುಡಕ್ಕೇ ಹೋಯ್ತು. ಸೌಂಗ್ ಬಾರಿಸೋಕೆ ತಂತಿ ಒತ್ತೋದೇ ಆ ಬೆರಳಲ್ಲಿ ಅಂತೆ. ‘ಬೆರಳಿಲ್ಲದ ಮೇಲೆ ನಾನೂ ಇನ್ನೊಬ್ಬನೇ, ಯಾವ ಮುಖ ಹೊತ್ಕೊಂಡು ಹೋಗ್ಲಿ’ ಅಂತಿದ್ದ.”

ತಿನ್ ನ್ವೇ ಅಕ್ಕ ತನ್ನ ಬಲಗೈಯಿಂದ ಎಡಗೈಯ ಹೆಬ್ಬೆರಳನ್ನು ಹಿಡಿದುಕೊಂಡು ನಿಂತಳು. ನೀರು ಹೊತ್ತ ಹೆಂಗಸರು ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ತಲೆಯ ಮೇಲಿನ ಮಡಕೆಗಳಲ್ಲಿ ಚಿಗುರೆಲೆ ಅಲ್ಲಾಡುತ್ತಿತ್ತು. ಯಾರದೋ ಕನಸಿನೊಳಗೆ ನಾವು ನಾಲ್ವರು ದಾರಿ ತಪ್ಪಿ ಬಂದು ನಿಂತ ಹಾಗಿತ್ತು.

“ಅಕ್ಕ, ನಿಮಗೆ ಇವತ್ತು ಗೊತ್ತಾಯ್ತಾ?” ಎಂದು ಕೇಳಿದೆ.

“ಮೊದಲನೇ ದಿನವೇ ಗೊತ್ತಾಯ್ತು.” ಆಕೆ ನಕ್ಕಳು. ನಕ್ಕಳೆಂದರೆ ನಂಬಬೇಕು. “ಗಂಡನ ಹೆಜ್ಜೆ ಗೊತ್ತಾಗಲ್ವಾ? ಇವನು ಕಾಲು ಎಳೀತಾನೆ.”

“ಮತ್ತೆ ಯಾಕೆ ಮನೆಯೊಳಗೆ ಬಿಟ್ಕೊಂಡ್ರಿ?”

“ಸಾಯಂಕಾಲ ಜಗಲಿ ಮೇಲೆ ಕೂತು ಮಾತಾಡ್ತಿದ್ದ. ಮದುವೆ ದಿನ ಮಳೆ ಬಂದಿದ್ದು, ನಾನು ಉಪ್ಪು ಜಾಸ್ತಿ ಹಾಕಿದ್ದು, ನನ್ನ ತಂಗಿ ಅವರ ಸೌಂಗ್ ಮೇಲೆ ಕೂತು ತಂತಿ ಕಿತ್ತಿದ್ದು. ಬಾಯಿ ಇವನದು, ಮಾತು ಅವರದು. ಹದಿನೈದು ವರ್ಷದ ಮೇಲೆ ಅವರ ಮಾತು ಕೇಳೋಕೆ ಸಿಕ್ತು ತಂಗೀ, ಬಿಡ್ತೀನಾ?” ಆಕೆಯ ನಗು ಆರಿತು. “ಆದ್ರೆ ಎರಡು ವಾರ ಅಂದೋರು ಮೂರು ವಾರ ಆದ್ರೂ ಬರ್ಲಿಲ್ಲ ಅಂತ ಇವನು ನಿದ್ದೇಲಿ ಕನವರಿಸ್ತಿದ್ದ. ಅದಕ್ಕೇ ಇವತ್ತು ಬಾಯಿ ಬಿಡಿಸ್ಬೇಕು ಅಂತ ಕರ್ಕೊಂಡು ಬಂದೆ.”

ಮೂರು ವಾರ. ನನ್ನ ಕೈ ತಾನಾಗಿಯೇ ಹೆಗಲಚೀಲದೊಳಗೆ ಹೋಯಿತು.

ಐದು ದಿನದಿಂದ ಒಂದು ವಸ್ತು ಆ ಚೀಲದ ತಳದಲ್ಲಿ ಬಿದ್ದಿತ್ತು. ಅಗಳಿನ ಹೆಣದ ಜೇಬಿನಲ್ಲಿ ಚೀಟಿಯ ಜೊತೆಗೆ ಸಿಕ್ಕಿದ ಹಿತ್ತಾಳೆಯ ನಾಗ, ಕಿರುಬೆರಳಿನಷ್ಟು ಉದ್ದ. ಚಿತ್ರ ಅಚ್ಚು ಮಾಡಿಸುತ್ತೇನೆಂದು ಶವಾಗಾರದ ಕೋ ಪುವಿನಿಂದ ಇಸಿದುಕೊಂಡು ಬಂದಿದ್ದೆ. ಆಮೇಲೆ ಮಾಡಿಸಲಿಲ್ಲ. ನಾಗ ಇಟ್ಟುಕೊಳ್ಳುವವನು ಶನಿವಾರದವನು, ಪೇ ಲ್ವಿನ್ ಗುರುವಾರದ ಹೆಸರು. ಆದ್ದರಿಂದ ಸತ್ತವನು ಯಾವ ಪೇ ಲ್ವಿನ್ನನೂ ಅಲ್ಲ, ಪೇ ಲ್ವಿನ್ ಒಬ್ಬನನ್ನು ಹುಡುಕಿಕೊಂಡು ಬಂದ ಯಾರೋ. ಹೀಗೆ ಜಾಣತನದಿಂದ ತರ್ಕಿಸಿ, ‘ಊರಿನ ಪ್ರಸಿದ್ಧ ಪೇ ಲ್ವಿನ್ನರೆಲ್ಲ ಕ್ಷೇಮ’ ಎಂದು ತಿದ್ದುಪಡಿ ಬರೆದಿದ್ದೆ. ಬರೆದ ಮೇಲೂ ಒಂದು ಅನುಮಾನ ಉಳಿದೇ ಇವತ್ತು ಬಟ್ಟಲು ಎಣಿಸಲು ಬಂದಿದ್ದೆ. ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕು.

ನಾಗವನ್ನು ಆಕೆಯ ಅಂಗೈಯಲ್ಲಿಟ್ಟೆ.

ಆಕೆಯ ಬೆರಳು ಹೆಡೆಯ ಮೇಲೆ ಹರಿಯಿತು, ಬೆನ್ನ ಮೇಲೆ ಹರಿಯಿತು, ಬಾಲದ ತುದಿಗೆ ಬಂದು ನಿಂತಿತು. ಬಾಲ ಮುರಿದಿತ್ತು.

“ಎಲ್ಲಿ ಸಿಕ್ತು ಇದು?”

“ಅಕ್ಕ...”

“ಇದು ನನ್ನದು. ಬಾಗಿಲಿಗೆ ಸಿಕ್ಕಿ ಬಾಲ ಮುರೀತು. ಅವರನ್ನ ಎಳ್ಕೊಂಡು ಹೋಗೋ ದಿನ ಕೈಯಲ್ಲಿ ತುರುಕಿದ್ದೆ. ಎಲ್ಲಿ ಸಿಕ್ತು ಹೇಳು, ತಂಗೀ.”

ಹೇಳಿದೆ.

ಆಕೆಗಿಂತ ಮೊದಲು ಕುಸಿದವನು ಆತ. ಒದ್ದೆ ನೆಲದ ಮೇಲೆ ಕೂತು, “ನಾನಲ್ಲ, ನಾನು ಕೊಲ್ಲಲಿಲ್ಲ, ಅವನು ಬಂದಿದ್ದೇ ನನಗೆ ಗೊತ್ತಿಲ್ಲ,” ಎಂದು ತಲೆ ತಲೆ ಚಚ್ಚಿಕೊಂಡ. ಗುದ್ದು ಪೇ ಲ್ವಿನ್ ಅವನ ರಟ್ಟೆ ಹಿಡಿದು ಎತ್ತಿದ. ಆ ಕೈ ಹಿಡಿದರೆ ಎಲುಬು ಕಟಗುಟ್ಟುತ್ತದೆ.

“ಅದನ್ನ ಪೊಲೀಸ್ನೋರಿಗೆ ಹೇಳಪ್ಪ. ಅವನ ಮನೆ, ಅವನ ಹೆಂಡ್ತಿ, ಅವನ ಹೆಸರು, ಎಲ್ಲ ಬೇಕಾಗಿತ್ತಲ್ಲ ನಿನಗೆ?”

“ಬಿಡು ಅವನನ್ನ,” ಎಂದಳು ತಿನ್ ನ್ವೇ ಅಕ್ಕ. “ತಂಗೀ, ನಾಲ್ಕಕ್ಕೆ ಸುಡ್ತಾರೆ ಅಂದ್ಯಲ್ಲ. ಈಗ ಗಂಟೆ ಎಷ್ಟು?”

“ಹತ್ತೂವರೆ.”

“ನನ್ನನ್ನ ಕರ್ಕೊಂಡು ಹೋಗು. ಮುಖ ನನಗೆ ಕಾಣಲ್ಲ. ಎಡಗೈ ಮುಟ್ಟಿ ನೋಡ್ತೀನಿ.”

ನಾಲ್ವರೂ ಒಂದೇ ಜಟಕಾದಲ್ಲಿ ಹೋದೆವು. ಆತ ಮುಂದೆ ಗಾಡಿಯವನ ಪಕ್ಕದಲ್ಲಿ, ಗುದ್ದು ಪೇ ಲ್ವಿನ್ನನ ಕೈ ಅವನ ಹೆಗಲ ಮೇಲೆ. ಅಗಳಿನ ಉದ್ದಕ್ಕೂ ದಾರಿ. ಹಸಿರು ನೀರಿನಲ್ಲಿ ಕೋಟೆಯ ಕೆಂಪು ಗೋಡೆ ತಲೆಕೆಳಗಾಗಿ ನಿಂತಿತ್ತು. ಇದೇ ನೀರಿನಲ್ಲಿ ಐದು ದಿನದ ಹಿಂದೆ ಒಬ್ಬ ತೇಲಿದ್ದ ಎಂದರೆ ನೀರೇ ನಂಬುವಂತಿರಲಿಲ್ಲ. ಕುದುರೆಯ ಗೆಜ್ಜೆ ಒಂದೇ ಸಮನೆ ಸದ್ದು ಮಾಡುತ್ತಿತ್ತು. ಬಿಸಿಲು ಹುಣಿಸೆ ಮರಗಳ ಸಂದಿಯಿಂದ ಬಂದು ತಿನ್ ನ್ವೇ ಅಕ್ಕನ ಮುಖದ ಮೇಲೆ ಹಾದುಹೋಗುತ್ತಿತ್ತು, ಮತ್ತೆ ಬರುತ್ತಿತ್ತು.

ಅರ್ಧ ದಾರಿಯವರೆಗೆ ಆಕೆ ಅಳಲಿಲ್ಲ. ಆಮೇಲೆ ಕೈಯೆತ್ತಿ ಮುಡಿಯಿಂದ ಸಂಪಿಗೆಯನ್ನು ತೆಗೆದಳು.

“ಅವರು ಬರೋವರೆಗೂ ಮುಡೀತೀನಿ ಅಂದಿದ್ದೆ,” ಎಂದಳು. “ಬಂದ್ರು. ಮನೆಯಿಂದ ಕೂಗಳತೆ ದೂರಕ್ಕೆ ಬಂದ್ರು. ಬಂದು ನೀರಲ್ಲಿ ಮಲಗಿದ್ರು. ನಾನು ಇಲ್ಲಿ ಇನ್ನೊಬ್ಬನ ಬಾಯಲ್ಲಿ ಅವರ ಮಾತು ಕೇಳ್ತಾ ಕೂತಿದ್ದೆ.”

ಆಗ ಅತ್ತಳು. ಹದಿನೈದು ವರ್ಷದ್ದು ಒಟ್ಟಿಗೆ ಬಂತು. ನಾನು ಆಕೆಯ ತಲೆಯನ್ನು ಹೆಗಲಿಗೆ ಒರಗಿಸಿಕೊಂಡೆ. ನನಗೂ ತಡೆಯಲಾಗಲಿಲ್ಲ. ಮುಂದೆ ಕೂತವನು ತಿರುಗಿ ನೋಡದೆ ಅಳುತ್ತಿದ್ದ. ಗುದ್ದು ಪೇ ಲ್ವಿನ್ನನಂತೂ ಹೇಳುವುದೇ ಬೇಡ, ಕಣ್ಣೊರೆಸಿಕೊಳ್ಳಲು ಅವನ ಹೆಗಲು ಬಿಟ್ಟು ಮತ್ತೆ ಹಿಡಿದುಕೊಳ್ಳುತ್ತಿದ್ದ. ಓಡಬೇಕೆಂದಿದ್ದರೆ ಅವನು ಹತ್ತು ಸಲ ಓಡಬಹುದಿತ್ತು. ಅದನ್ನು ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಶವಾಗಾರದ ಕೋ ಪು ಬಾಗಿಲಲ್ಲೇ ಎಲೆಯಡಿಕೆ ಅಗಿಯುತ್ತ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

“ಏನಕ್ಕ, ಹಬ್ಬದ ದಿನಾನೂ ಬಿಡುವಿಲ್ವಾ?”

“ಆ ಅಗಳಿನ ಹೆಣ ತೋರ್ಸು, ಕೋ ಪು. ಇವರು ಮನೆಯೋರು.”

ಕೋ ಪು ಅಗಿಯುವುದನ್ನು ನಿಲ್ಲಿಸಿದ. ಒಮ್ಮೆ ಅಕ್ಕನನ್ನು ನೋಡಿದ, ಒಮ್ಮೆ ನನ್ನನ್ನು.

“ಮನೆಯೋರು ಬಂದು ಒಯ್ದಾಯ್ತಲ್ಲ.”

“ಏನಂದೆ?”

“ಬೆಳಗ್ಗೆ ಒಂಬತ್ತಕ್ಕೆ. ಎತ್ತಿನಗಾಡಿ ತಂದಿದ್ರು. ಎಲ್ಲ ಕ್ರಮವಾಗಿ ಮಾಡ್ಕೊಟ್ಟೆ. ಸಹಿ ಇಲ್ದೆ ಹೆಣ ಬಿಡೋನಲ್ಲ ನಾನು.”

“ಯಾರು? ಹೆಸರೇನು?”

“ಪೇ ಲ್ವಿನ್,” ಎಂದ ಕೋ ಪು.

ಒಂಬತ್ತು ಗಂಟೆ. ಒಂಬತ್ತಕ್ಕೆ ಗುದ್ದು ಪೇ ಲ್ವಿನ್ ನನ್ನ ಪಕ್ಕದಲ್ಲಿದ್ದ. ಔಷಧಿ ಪೇ ಲ್ವಿನ್ ಮರದ ಕೆಳಗೆ ಷರಬತ್ತು ಕಲಸುತ್ತಿದ್ದ, ನಾನೇ ಒಂದು ಲೋಟ ಕುಡಿದಿದ್ದೆ. ಹೆಸರಿನ ಮುಂದೆ ಏನೂ ಇಲ್ಲದ ಪೇ ಲ್ವಿನ್ ಇಲಿಯ ಮೂಲೆಯಲ್ಲಿ ಬಟ್ಟಲು ತೊಳೆಯುತ್ತಿದ್ದ. ಸೌಂಗ್ ಪೇ ಲ್ವಿನ್ ಒಳಗೆ ಮಂಜುಗಡ್ಡೆಯ ಮೇಲೆ ಇರಬೇಕಿತ್ತು.

“ಪುಸ್ತಕ ಕೊಡು ಇಲ್ಲಿ.”

“ನೋಡಿ ಅಕ್ಕ, ಆಮೇಲೆ ನನ್ನನ್ನ ಅನ್ಬೇಡಿ. ನಿಮ್ಮ ಪೇಪರಿನ ರಾಮಾಯಣ ಆದ್ಮೇಲೆ ನಾನು ಹುಷಾರಾಗಿದೀನಿ. ಯಾವ ಪೇ ಲ್ವಿನ್ ಅಂತ ಬರೀದೆ ಹೆಣ ಮುಟ್ಟೋ ಹಾಗಿಲ್ಲ ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಬರೆದ್ರು.”

ದಪ್ಪ ಪುಸ್ತಕದ ಕೊನೆಯ ಸಾಲು. ಶಾಯಿ ಇನ್ನೂ ಹೊಳೆಯುತ್ತಿತ್ತು. ಓಲಾಡುವ ಅಕ್ಷರ, ಬಹಳ ದಿನ ಬರೆಯದವನ ಅಕ್ಷರ.

*ಶನಿವಾರದ ಪೇ ಲ್ವಿನ್.*

ಗಟ್ಟಿಯಾಗಿ ಓದಿಬಿಟ್ಟೆ. ಓದಬಾರದಿತ್ತು. ತಿನ್ ನ್ವೇ ಅಕ್ಕನ ಉಗುರು ನನ್ನ ತೋಳಿನಲ್ಲಿ ನಾಟಿತು. ಆ ಮಾತು ಈ ಬೆಳಗಿನವರೆಗೆ ಲೋಕದಲ್ಲಿ ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

“ಕೋ ಪು,” ಎಂದೆ, “ಆ ಹೆಣದ ಎಡಗೈ ಹೆಬ್ಬೆರಳು... ಇರ್ಲಿಲ್ಲ ಅಲ್ವಾ?”

“ಯಾಕಿರಲ್ಲ? ಹತ್ತು ಬೆರಳೂ ಇದ್ವು. ಶಾಯಿ ಹಚ್ಚಿ ಗುರುತು ತೆಗ್ದೋನೇ ನಾನು. ಬೇಕಾದ್ರೆ ನೋಡಿ.” ಪುಟ ತಿರುವಿದ. ಹತ್ತು ಕಪ್ಪು ಚುಕ್ಕೆಗಳು, ಎರಡು ಸಾಲು. ಕೋ ಪು ಎಲೆಯ ರಸವನ್ನು ಡಬ್ಬಿಗೆ ಉಗುಳಿ, ತುಟಿ ಒರೆಸಿಕೊಂಡ. “ಹೆಬ್ಬೆರಳು ಇರ್ಲಿಲ್ಲ ಅಂದ್ರೆ ಒಯ್ಯೋಕೆ ಬಂದೋರಿಗೆ. ಬರೆಯೋವಾಗ ಪುಸ್ತಕ ಜಾರ್ತಿತ್ತು ಅಂತ ಎಡ ಅಂಗೈ ಒತ್ತಿ ಹಿಡಿದ್ರು. ಬುಡಕ್ಕೇ ಹೋಗಿತ್ತು ಪಾಪ.”

ಹೆಸರಿಲ್ಲದ ಪೇ ಲ್ವಿನ್ ಬಾಯಿಗೆ ಕೈ ಅಡ್ಡ ಹಿಡಿದ. ಒಳಗಿನ ಕೋಣೆಯಲ್ಲಿ ಕರಗಿದ ಮಂಜುಗಡ್ಡೆಯ ನೀರು ಬಾಗಿಲ ಸಂದಿಯಿಂದ ಹೊರಗೆ ಹರಿದು ಬರುತ್ತಿತ್ತು.

ಬದುಕಿದ್ದಾನೆ. ಈ ಊರಲ್ಲೇ ಇದ್ದಾನೆ. ಹಾಗಿದ್ದೂ ಮನೆಯ ಮೆಟ್ಟಿಲು ಹತ್ತದೆ, ತನ್ನ ನಾಗವನ್ನು ಜೇಬಿನಲ್ಲಿಟ್ಟುಕೊಂಡು ಸತ್ತ ಯಾರೋ ಒಬ್ಬನ ಹೆಣವನ್ನು ಹೇರಿಕೊಂಡು ಹೋಗಿದ್ದಾನೆ. ಆ ಸಾವಿನಲ್ಲಿ ಅವನದೇ ಕೈ ಇರಬಹುದೆಂದು ನನಗೆ ಹೊಳೆದಷ್ಟೇ ಬೇಗ ಆಕೆಗೂ ಹೊಳೆದಿತ್ತು. ಆ ಮುಖ ನೋಡಿದರೆ ಸಾಕಾಗಿತ್ತು.

ತಿನ್ ನ್ವೇ ಅಕ್ಕ ಮುಷ್ಟಿ ಬಿಚ್ಚಿದಳು. ಜಟಕಾದಲ್ಲಿ ತೆಗೆದ ಸಂಪಿಗೆ ಅಲ್ಲೇ ಇತ್ತು, ಬಾಡಿ, ಬೆವರಿಗೆ ಅಂಟಿಕೊಂಡು.

“ತಂಗೀ,” ಎಂದಳು, “ಈಗ ಇದನ್ನ ಮುಡ್ಕೊಳ್ಳಲಾ, ಬಿಸಾಕ್ಲಾ?”